ರೋಟರಿ ಹ್ಯಾಮರ್ ಡ್ರಿಲ್ ಬಳಸುವ ಸುರಕ್ಷಿತ ಕ್ರಮ

ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗಗಳನ್ನು ನೆಲಕ್ಕೆ ಬಿಗಿಯುವವರು, ಬೆಳಗಾವಿಯ ಉದ್ಯಮಬಾಗದ ಶೆಡ್ಡುಗಳಲ್ಲಿ ಯಂತ್ರಗಳಿಗೆ ಆಂಕರ್ ಬೋಲ್ಟ್ ಹಾಕುವವರು, ಬಾಗಲಕೋಟೆಯ ನವನಗರದಲ್ಲಿ ನೀರಿನ ಫಿಲ್ಟರ್ ಮತ್ತು ಗೀಸರ್ ಕೂಡಿಸುವವರು, ವಿಜಯಪುರದಲ್ಲಿ ತಮ್ಮ ಮನೆಯ ಪಡಸಾಲೆಗೆ ತಾವೇ ಕಪಾಟು ಬಿಗಿಯಲು ಹೊರಟವರು, ಹೀಗೆ ಇಂದು ಬಹಳ ಜನರ ಕೈಯಲ್ಲಿ ತಿರುಗುತ್ತ ಬಡಿದು ಗೋಡೆ ಕೊರೆಯುವ ರೋಟರಿ ಹ್ಯಾಮರ್ ಡ್ರಿಲ್ ಇದೆ. ಸ್ವಂತಕ್ಕೆ ಕೊಳ್ಳದವರು ದಿನದ ಬಾಡಿಗೆಗೆ ತರುತ್ತಾರೆ. ಬಾಡಿಗೆಯ ಯಂತ್ರದೊಂದಿಗೆ ಅದರ ಕೈಪಿಡಿ ಬರುವುದು ಅಪರೂಪ. ಬಂದರೂ ಅದು ಕನ್ನಡದಲ್ಲಿರುವುದು ಇನ್ನೂ ಅಪರೂಪ. ಆದ್ದರಿಂದ ಆ ಕೈಪಿಡಿ ಹೇಳಬೇಕಾದುದನ್ನೂ, ನಮ್ಮ ಭಾಗದ ಗೋಡೆ, ಕಲ್ಲು ಮತ್ತು ಕರೆಂಟಿನ ಸ್ಥಿತಿಗೆ ತಕ್ಕಂತೆ ಸೇರಿಸಬೇಕಾದುದನ್ನೂ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಯಂತ್ರದ ಗದ್ದಲ ಮತ್ತು ಹೊಡೆತ ಎಲ್ಲರಿಗೂ ಕಾಣುತ್ತವೆ. ನಿಜವಾಗಿ ಎಚ್ಚರ ಬೇಕಾಗಿರುವುದು ಅಷ್ಟಾಗಿ ಕಾಣದ ಮೂರು ಸಂಗತಿಗಳ ಬಗ್ಗೆ: ಗೋಡೆಯ ಒಳಗೆ ಅಡಗಿರುವ ತಂತಿ ಮತ್ತು ಕಬ್ಬಿಣ, ಬಿಟ್ (ಯಂತ್ರದ ತುದಿಯ ಕೊರೆಯುವ ಕಡ್ಡಿ) ಸಿಕ್ಕಿಕೊಳ್ಳುವ ಕ್ಷಣ, ಮತ್ತು ಧೂಳು.

ಕೈಯಲ್ಲಿರುವ ಯಂತ್ರ ಯಾವುದು?

ಎರಡು ಬೇರೆ ಬೇರೆ ಯಂತ್ರಗಳಿಗೆ ಜನರು ಹ್ಯಾಮರ್ ಮಷಿನ್ ಎಂದೇ ಹೇಳುವುದರಿಂದ ಮೊದಲು ಅವುಗಳ ವ್ಯತ್ಯಾಸವನ್ನು ತಿಳಿಯಬೇಕು. ಚಾವಿಯಿಂದ ಚಕ್ಕನ್ನು, ಅಂದರೆ ಬಿಟ್ ಹಿಡಿಯುವ ಬಾಯಿಯನ್ನು, ಬಿಗಿದು ದುಂಡನೆಯ ಬಿಟ್ ಹಿಡಿಸುವ ಇಂಪ್ಯಾಕ್ಟ್ ಡ್ರಿಲ್‌ನಲ್ಲಿ ಹಲ್ಲುಗಳಿರುವ ಎರಡು ತಟ್ಟೆಗಳು ಒಂದರ ಮೇಲೊಂದು ಜಾರಿ ಬಡಿತವನ್ನು ಹುಟ್ಟಿಸುತ್ತವೆ; ಅಲ್ಲಿ ನೀವು ಒತ್ತಿದಷ್ಟೇ ಬಡಿತದ ಜೋರು. ರೋಟರಿ ಹ್ಯಾಮರ್‌ನಲ್ಲಿ ಮೋಟಾರು ಒಂದು ಪಿಸ್ಟನ್ನನ್ನು ಹಿಂದೆ ಮುಂದೆ ಓಡಿಸುತ್ತದೆ, ಪಿಸ್ಟನ್ ತನ್ನ ಮುಂದಿನ ಗಾಳಿಯನ್ನು ಅದುಮುತ್ತದೆ, ಅದುಮಿದ ಗಾಳಿ ಉಕ್ಕಿನ ಗುಂಡೊಂದನ್ನು ಮುಂದಕ್ಕೆ ಚಿಮ್ಮಿಸುತ್ತದೆ, ಆ ಗುಂಡಿನ ಪೆಟ್ಟು ಬಿಟ್‌ನ ಹಿಂತುದಿಗೆ ಮುಟ್ಟುತ್ತದೆ. ಸಾಮಾನ್ಯವಾಗಿ ಸಿಗುವ 26 ಮಿ.ಮೀ. ಸಾಮರ್ಥ್ಯದ, 800 ವಾಟ್ ಆಸುಪಾಸಿನ ಯಂತ್ರ ನಿಮಿಷಕ್ಕೆ 4,000ಕ್ಕೂ ಹೆಚ್ಚು ಸಲ, ಪ್ರತಿ ಸಲ 2ರಿಂದ 3 ಜೌಲ್ ಶಕ್ತಿಯಿಂದ ಹೊಡೆಯುತ್ತದೆ. ಈ ಹೊಡೆತ ಗಾಳಿಯ ಒತ್ತಡದಿಂದ ಬರುವುದರಿಂದ ಮೈಭಾರ ಹಾಕಿ ಒತ್ತಿದರೆ ಕೆಲಸ ಬೇಗ ಆಗುವುದಿಲ್ಲ. ಬದಲಾಗಿ ಬಡಿತ ಕುಂದುತ್ತದೆ, ಮೋಟಾರು ಬಿಸಿಯಾಗುತ್ತದೆ, ಬಿಟ್ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ಇಂಪ್ಯಾಕ್ಟ್ ಡ್ರಿಲ್ ಬಳಸಿ ರೂಢಿಯಾದವರು ಈ ಯಂತ್ರಕ್ಕೆ ಬಂದಾಗ ಮೊದಲು ಬಿಡಬೇಕಾದ ಅಭ್ಯಾಸ ಇದೇ.

ಇದರ ಬಿಟ್‌ಗಳೂ ಬೇರೆ. ಹಿಂತುದಿಯಲ್ಲಿ ತೋಡುಗಳಿರುವ, 10 ಮಿ.ಮೀ. ದಪ್ಪದ ಹಿಡಿ ಇರುವ ಬಿಟ್‌ಗೆ ಎಸ್‌ಡಿಎಸ್ ಪ್ಲಸ್ ಎಂದು ಹೆಸರು. ಗೋಡೆ ಒಡೆಯುವ ದೊಡ್ಡ ಯಂತ್ರಗಳ ಎಸ್‌ಡಿಎಸ್ ಮ್ಯಾಕ್ಸ್ ಬಿಟ್‌ನ ಹಿಡಿ 18 ಮಿ.ಮೀ. ಇರುತ್ತದೆ. ಒಂದರ ಬಿಟ್ ಇನ್ನೊಂದಕ್ಕೆ ಕೂಡುವುದಿಲ್ಲ. ಬಿಟ್ ಹಾಕುವ ಮುನ್ನ ಯಂತ್ರದ ಕರೆಂಟಿನ ಪ್ಲಗ್ ಕಿತ್ತಿರಬೇಕು. ಹಿಡಿಯನ್ನು ಬಟ್ಟೆಯಿಂದ ಒರೆಸಿ, ತೋಡುಗಳಿಗೆ ಸ್ವಲ್ಪ ಗ್ರೀಸ್ ಸವರಿ, ಚಕ್‌ನ ಕಾಲರನ್ನು (ಅದರ ಸುತ್ತಲಿನ ಜಾರುವ ಬಳೆಯನ್ನು) ಹಿಂದಕ್ಕೆ ಎಳೆದು ಬಿಟ್ಟನ್ನು ತಿರುಗಿಸುತ್ತ ಒಳಗೆ ತಳ್ಳಿರಿ, ಕಾಲರ್ ಬಿಟ್ಟ ಮೇಲೆ ಒಮ್ಮೆ ಹೊರಕ್ಕೆ ಜಗ್ಗಿ ನೋಡಿರಿ. ಕೂತ ಬಿಟ್ ಕೆಲವು ಮಿ.ಮೀ. ಹಿಂದೆ ಮುಂದೆ ಆಡುತ್ತದೆ. ಪೆಟ್ಟು ತಿನ್ನಲು ಅದಕ್ಕೆ ಆ ಜಾಗ ಬೇಕು. ಅದನ್ನು ಸಡಿಲವೆಂದು ತಿಳಿದು ಕಾಗದ, ದಾರ ಸುತ್ತಿ ಬಿಗಿ ಮಾಡಲು ಹೋಗಬಾರದು.

ಯಂತ್ರದ ಮೇಲಿನ ಗುಂಡಿಯಲ್ಲಿ ಸಾಮಾನ್ಯವಾಗಿ ಮೂರು ಗುರುತುಗಳಿರುತ್ತವೆ. ಬಿಟ್‌ನ ಚಿತ್ರ ಮಾತ್ರ ಇದ್ದರೆ ಬರೀ ತಿರುಗುವುದು, ಬಿಟ್ ಮತ್ತು ಸುತ್ತಿಗೆ ಎರಡೂ ಇದ್ದರೆ ತಿರುಗುತ್ತ ಬಡಿಯುವುದು, ಸುತ್ತಿಗೆ ಮಾತ್ರ ಇದ್ದರೆ ತಿರುಗದೆ ಬಡಿಯುವುದು, ಅಂದರೆ ಉಳಿಯ ಕೆಲಸ. ಗುಂಡಿಯನ್ನು ಯಂತ್ರ ಪೂರ್ತಿ ನಿಂತ ಮೇಲಷ್ಟೇ ತಿರುಗಿಸಬೇಕು, ಇಲ್ಲವಾದರೆ ಒಳಗಿನ ಗೇರುಗಳ ಹಲ್ಲು ಮುರಿಯುತ್ತವೆ.

ಬಾಡಿಗೆಗೆ ತರುವವರು ಅಂಗಡಿಯಲ್ಲಿಯೇ ಕೆಲವನ್ನು ನೋಡಿಕೊಳ್ಳಬೇಕು. ಕೇಬಲ್ ಯಂತ್ರವನ್ನು ಸೇರುವ ಜಾಗದಲ್ಲಿ ಸೀಳಿದೆಯೇ, ಟೇಪು ಸುತ್ತಿದೆಯೇ, ಒತ್ತಿಬಿಟ್ಟ ಸ್ವಿಚ್ ತಾನಾಗಿ ಹಿಂದಕ್ಕೆ ಬರುತ್ತದೆಯೇ, ಚಕ್‌ನ ಕಾಲರ್ ಸರಾಗವಾಗಿ ಆಡುತ್ತದೆಯೇ ಎಂಬುದನ್ನು ಪರೀಕ್ಷಿಸಿರಿ. ಎಲ್ಲಕ್ಕಿಂತ ಮುಖ್ಯವಾಗಿ ಪಕ್ಕದ ಹಿಡಿಕೆ ಇದೆಯೇ ಎಂದು ನೋಡಿರಿ. ಎಷ್ಟೋ ಬಾಡಿಗೆ ಯಂತ್ರಗಳಲ್ಲಿ ಅದು ಕಳೆದುಹೋಗಿರುತ್ತದೆ. ಅದಿಲ್ಲದ ಯಂತ್ರ ಅರ್ಧ ಬಾಡಿಗೆಗೆ ಸಿಕ್ಕರೂ ತರಬಾರದು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಗೋಡೆಯ ಪರೀಕ್ಷೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳ ಗೋಡೆಗಳು ಒಂದೇ ಬಗೆಯವಲ್ಲ. ಬೆಳಗಾವಿ ಮತ್ತು ಖಾನಾಪುರ ಕಡೆಯ ಹಳೆಯ ಮನೆಗಳಲ್ಲಿ ಕೆಂಪು ಜಂಬಿಟ್ಟಿಗೆಯ ಕಲ್ಲು, ವಿಜಯಪುರದಲ್ಲಿ ಕರಿಕಲ್ಲು, ಬಾದಾಮಿ ಸುತ್ತ ಮರಳುಗಲ್ಲು, ಇಳಕಲ್ಲಿನಲ್ಲಿ ಗ್ರಾನೈಟ್, ಹಳ್ಳಿಗಳಲ್ಲಿ ಮಣ್ಣಿನ ಗೋಡೆಯ ಮೇಲ್ಮುದ್ದಿ ಮನೆಗಳು, ಹೊಸ ಬಡಾವಣೆಗಳಲ್ಲಿ ಇಟ್ಟಿಗೆ, ಸಿಮೆಂಟ್ ಬ್ಲಾಕ್ ಮತ್ತು ಕಾಂಕ್ರೀಟು. ಬೆರಳ ಗೆಣ್ಣಿನಿಂದ ತಟ್ಟಿದರೆ ಗಿಲಾವಿನ ಹಿಂದೆ ಪೊಳ್ಳಿದೆಯೋ ಗಟ್ಟಿಯಿದೆಯೋ ಎಂಬುದು ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಇನ್ನೂ ಖಚಿತವಾಗಬೇಕಾದರೆ ಮೂಲೆಯೊಂದರಲ್ಲಿ ಸಣ್ಣ ಬಿಟ್‌ನಿಂದ, ಬಡಿತವಿಲ್ಲದೆ, ಒಂದು ಅಂಗುಲ ಕೊರೆದು ಹೊರಬಿದ್ದ ಪುಡಿಯನ್ನು ನೋಡಿರಿ. ಕೆಂಪು ಪುಡಿ ಬಂದರೆ ಇಟ್ಟಿಗೆ ಅಥವಾ ಜಂಬಿಟ್ಟಿಗೆ, ಬೂದು ಬಣ್ಣದ ನುಣುಪು ಪುಡಿ ಬಂದರೆ ಕಾಂಕ್ರೀಟು ಅಥವಾ ಬ್ಲಾಕು, ಕಂದು ಮಣ್ಣು ಉದುರಿದರೆ ಮಣ್ಣಿನ ಗೋಡೆ.

ಕಾಂಕ್ರೀಟು, ಕರಿಕಲ್ಲು ಮತ್ತು ಗ್ರಾನೈಟಿಗೆ ಬಡಿತ ಬೇಕೇ ಬೇಕು. ಗಟ್ಟಿ ಇಟ್ಟಿಗೆಗೆ ನಿಧಾನ ವೇಗದ ಬಡಿತ ಸಾಕು; ಪೊಳ್ಳು ಬ್ಲಾಕು, ಹಗುರ ಬ್ಲಾಕು ಮತ್ತು ಜಂಬಿಟ್ಟಿಗೆಗೆ ಬರೀ ತಿರುಗುವ ಗುರುತಿನಲ್ಲಿಯೇ ಕೊರೆಯುವುದು ಮೇಲು, ಏಕೆಂದರೆ ಬಡಿತಕ್ಕೆ ಅವುಗಳ ತೂತು ಅಗಲವಾಗಿ ಒಡೆದು, ಸ್ಕ್ರೂ ಹಿಡಿಯಲು ಅದರೊಳಗೆ ತುರುಕುವ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ. ಮಣ್ಣಿನ ಗೋಡೆಗೆ, ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲುಗೋಡೆಗೆ ಬಡಿತವನ್ನು ಕೊಡಲೇಬಾರದು. ಅದರ ನಡುಕ ಕಲ್ಲುಗಳ ನಡುವಿನ ಮಣ್ಣನ್ನು ಉದುರಿಸುತ್ತದೆ. ತೂತಿನ ಹತ್ತಿರ ಏನೂ ಆಗದಿದ್ದರೂ ಆಳೆತ್ತರದಲ್ಲಿ ಕಲ್ಲೊಂದು ಸಡಿಲಾಗಬಹುದು. ಇಂತಹ ಮನೆಗಳಲ್ಲಿ ಭಾರದ ವಸ್ತುವನ್ನು ಗೋಡೆಗೆ ತೂಗುಹಾಕದೆ ನೆಲದ ಮೇಲೆ ಸ್ಟ್ಯಾಂಡಿನಲ್ಲಿಡುವುದೇ ಸರಿಯಾದ ಪರಿಹಾರ ಎಂದು ನನ್ನ ಅಭಿಪ್ರಾಯ. ಸಿಮೆಂಟ್ ಅಥವಾ ಸುಣ್ಣದ ಗಾರೆಯ ಕಲ್ಲುಗೋಡೆಯಾದರೆ ಕಲ್ಲಿನ ಅಂಚನ್ನು ಬಿಟ್ಟು ನಡುಭಾಗದಲ್ಲಿ ಕೊರೆಯಬೇಕು. ಶಹಾಬಾದ್ ಫರಸಿ ಪದರು ಪದರಾಗಿ ಸೀಳುವ ಕಲ್ಲು. ಅದಕ್ಕೆ ಮೊದಲು ಸಣ್ಣ ಬಿಟ್, ಆಮೇಲೆ ದೊಡ್ಡ ಬಿಟ್, ಎರಡೂ ಬಡಿತವಿಲ್ಲದೆ. ಟೈಲ್ಸ್ ಇದ್ದರೆ ಟೈಲ್ಸಿನ ಬಿಟ್‌ನಿಂದ ನಿಧಾನವಾಗಿ ಅದರ ದಪ್ಪದಷ್ಟು ಕೊರೆದು, ಹಿಂದಿನ ಗೋಡೆ ಸಿಕ್ಕ ಮೇಲೆ ಬಿಟ್ ಬದಲಿಸಿ ಬಡಿತ ಕೊಡಬಹುದು.

ವಿಜಯಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಸ್ಮಾರಕಗಳ ಸನಿಹದಲ್ಲಿಯೇ ವಾಸದ ಮನೆಗಳಿವೆ. ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಗೋಡೆ ಒಡೆದು ದುರಸ್ತಿ ಅಥವಾ ನವೀಕರಣ ಹಿಡಿಯುವವರು ಮೊದಲೇ ಅನುಮತಿ ಪಡೆಯಬೇಕು.

ಗೋಡೆಯೊಳಗಿನ ತಂತಿ ಇನ್ನೂ ದೊಡ್ಡ ಅಪಾಯ. ನಮ್ಮ ಮನೆಗಳಲ್ಲಿ ವೈರಿಂಗ್ ಪೈಪುಗಳು ಸಾಮಾನ್ಯವಾಗಿ ಸ್ಲ್ಯಾಬಿನಿಂದ ನೇರ ಕೆಳಗಿಳಿದು ಸ್ವಿಚ್ ಬೋರ್ಡು ಸೇರುತ್ತವೆ, ಅಲ್ಲಿಂದ ಕೆಳಗೆ ಅಥವಾ ಅಡ್ಡಲಾಗಿ ಪ್ಲಗ್ ಪಾಯಿಂಟುಗಳಿಗೆ ಹೋಗುತ್ತವೆ. ಆದ್ದರಿಂದ ಯಾವುದೇ ಸ್ವಿಚ್ ಬೋರ್ಡು, ಪಾಯಿಂಟು, ಗೋಡೆಯ ದೀಪದ ನೇರ ಮೇಲೆ, ಕೆಳಗೆ ಮತ್ತು ಎರಡೂ ಪಕ್ಕದಲ್ಲಿ ಒಂದು ಗೇಣಗಲದ ಪಟ್ಟಿಯನ್ನು ಮುಟ್ಟದೆ ಬಿಡಿರಿ. ನಳ ಮತ್ತು ಗೀಸರುಗಳ ಸುತ್ತಲೂ ಇದೇ ನಿಯಮ. ಮನೆ ಕಟ್ಟುವಾಗ ಗಿಲಾವಿಗೆ ಮುಂಚೆ ತೆಗೆದ ಫೋಟೋಗಳಿದ್ದರೆ ಅವುಗಳಷ್ಟು ಉಪಯುಕ್ತವಾದುದು ಬೇರೊಂದಿಲ್ಲ. ಈಗ ಮನೆ ಕಟ್ಟಿಸುತ್ತಿರುವವರು ಪ್ರತಿ ಗೋಡೆಯ ಫೋಟೋವನ್ನು, ಅಳತೆಯ ಟೇಪು ಕಾಣುವಂತೆ, ದಯವಿಟ್ಟು ತೆಗೆದಿಟ್ಟುಕೊಳ್ಳಬೇಕು. ಗೋಡೆಯೊಳಗಿನ ಲೋಹ ಮತ್ತು ತಂತಿ ತೋರಿಸುವ ಡಿಟೆಕ್ಟರುಗಳೂ ಸಿಗುತ್ತವೆ. ಅವು ನೆರವಾಗುತ್ತವೆ, ಆದರೆ ಒದ್ದೆ ಗೋಡೆಯಲ್ಲಿ ಮತ್ತು ಆಳದ ತಂತಿಯ ವಿಷಯದಲ್ಲಿ ಅವುಗಳ ಮಾತನ್ನೇ ನೆಚ್ಚಿಕೊಳ್ಳುವಂತಿಲ್ಲ.

ಕೊರೆಯುವ ಗೋಡೆಯ ಎಂಸಿಬಿಯನ್ನು (ಆ ಸರ್ಕೀಟಿಗೆ ಬೋರ್ಡಿನಲ್ಲಿರುವ ಸ್ವಿಚ್ಚನ್ನು) ಇಳಿಸಿ, ಯಂತ್ರಕ್ಕೆ ಬೇರೆ ಕೋಣೆಯ ಸರ್ಕೀಟಿನಿಂದ ಕರೆಂಟು ತೆಗೆದುಕೊಳ್ಳಬೇಕು. ಇಲ್ಲಿ ಬಹಳ ಜನ ಮರೆಯುವ ಸಂಗತಿಯೊಂದಿದೆ. ಹೆಸ್ಕಾಂ ಕರೆಂಟು ಹೋದಾಗ ನಡೆಯಲೆಂದು ಮನೆಮನೆಯಲ್ಲಿ ಇನ್ವರ್ಟರ್ ಇದೆ. ಮೇನ್ ಸ್ವಿಚ್ ಇಳಿಸಿದರೆ ಅದು ಕರೆಂಟು ಹೋಯಿತೆಂದು ತಿಳಿದು ತನ್ನ ತಂತಿಗಳಿಗೆ ಬ್ಯಾಟರಿಯಿಂದ ಪೂರ್ತಿ 230 ವೋಲ್ಟ್ ಹರಿಸುತ್ತದೆ. ಮೇನ್ ಇಳಿಸಿದೆನೆಂಬ ಧೈರ್ಯದಲ್ಲಿ ಕೊರೆಯುವವನು ಜೀವಂತ ತಂತಿಯನ್ನೇ ಕೊರೆಯಬಹುದು. ಇನ್ವರ್ಟರಿನ ಔಟ್‌ಪುಟ್ಟನ್ನೂ ಆರಿಸಿ, ಆ ಗೋಡೆಯ ಪಾಯಿಂಟುಗಳಲ್ಲಿ ಟೆಸ್ಟರ್ ಇಟ್ಟು ನೋಡಿದ ನಂತರವೇ ಮುಂದುವರಿಯಬೇಕು. ಆ ಟೆಸ್ಟರನ್ನು ಮೊದಲು ಕರೆಂಟಿರುವ ಪಾಯಿಂಟಿನಲ್ಲಿ ಹಚ್ಚಿ, ಅದು ಉರಿಯುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿರಿ.

ಯಂತ್ರದ ಕರೆಂಟು

ಈ ಯಂತ್ರಗಳ ಮೈಮೇಲೆ ಚೌಕದೊಳಗೆ ಚೌಕದ ಗುರುತಿದ್ದರೆ ಅದು ಡಬಲ್ ಇನ್ಸುಲೇಶನ್ ಇರುವ ಯಂತ್ರ, ಆದ್ದರಿಂದಲೇ ಅದಕ್ಕೆ ಅರ್ಥ್ ಪಿನ್ ಇಲ್ಲದ ಎರಡು ಪಿನ್ನಿನ ಪ್ಲಗ್ ಇರುತ್ತದೆ. ಆ ರಕ್ಷಣೆ ಯಂತ್ರದ ಒಳಗಿನ ದೋಷಕ್ಕೆ ಮಾತ್ರ ಸಂಬಂಧಿಸಿದ್ದು. ಬಿಟ್ ಗೋಡೆಯ ತಂತಿಗೆ ತಾಗಿದರೆ ಚಕ್ ಮತ್ತು ಅದರ ಹಿಂದಿನ ಲೋಹದ ಭಾಗಕ್ಕೆ ಕರೆಂಟು ಬರುತ್ತದೆ; ಆದ ಕಾರಣ ಯಂತ್ರವನ್ನು ಯಾವಾಗಲೂ ರಬ್ಬರು ಅಥವಾ ಪ್ಲಾಸ್ಟಿಕ್ಕಿನ ಹಿಡಿಕೆಗಳಲ್ಲಿಯೇ ಹಿಡಿಯಬೇಕು, ಮುಂದಿನ ಲೋಹದ ಕುತ್ತಿಗೆಗೆ ಕೈ ಕೊಡಬಾರದು.

800 ವಾಟಿನ ಯಂತ್ರ 230 ವೋಲ್ಟಿನಲ್ಲಿ ಸುಮಾರು 3.5 ಆಂಪಿಯರ್ ಎಳೆಯುತ್ತದೆ. ಮನೆಯ ಸಾಧಾರಣ ಪಾಯಿಂಟು ಅದನ್ನು ತಾಳುತ್ತದೆ, ಆದರೆ ಟಿವಿ, ಮೊಬೈಲಿಗೆಂದು ತಂದ ತೆಳುವಾದ ಎಕ್ಸ್‌ಟೆನ್ಶನ್ ಬಾಕ್ಸು ತಾಳುವುದಿಲ್ಲ. 1.5 ಚದರ ಮಿ.ಮೀ. ತಾಮ್ರದ ಮೂರು ಎಳೆಯ ಕೇಬಲ್ಲು ಬೇಕು. ಸುರುಳಿಯಲ್ಲಿರುವ ಕೇಬಲ್ಲನ್ನು ಪೂರ್ತಿ ಬಿಚ್ಚಿ ಹಾಸಿರಿ, ಏಕೆಂದರೆ ಸುತ್ತಿಟ್ಟ ಸುರುಳಿಯ ಒಳಪದರಗಳು ಬಿಸಿಯಾಗಿ ಅವುಗಳ ಹೊದಿಕೆ ಕರಗುತ್ತದೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಸರ್ಕೀಟನ್ನು ಕಡಿಯುವ ಸ್ವಿಚ್) ಇರುವ ಬೋರ್ಡಿನಿಂದಲೇ ಕರೆಂಟು ತೆಗೆದುಕೊಳ್ಳುವುದು ಅತ್ಯಂತ ಅಗತ್ಯ. ಕೆಲಸಕ್ಕೆ ಮೊದಲು ಅದರ ಟೆಸ್ಟ್ ಗುಂಡಿಯನ್ನು ಒತ್ತಿದರೆ ಅದು ತಟಕ್ಕನೆ ಬೀಳಬೇಕು. ಬೆಳಗಾವಿಯ ಮಳೆಗಾಲದಲ್ಲಿ ಗೋಡೆಗಳೇ ತಿಂಗಳುಗಟ್ಟಲೆ ಒದ್ದೆಯಾಗಿರುತ್ತವೆ. ಹಸಿ ಗೋಡೆಯಲ್ಲಿ, ನೀರು ನಿಂತ ನೆಲದಲ್ಲಿ, ಬರಿಗಾಲಿನಲ್ಲಿ ಈ ಕೆಲಸ ಬೇಡ. ಧೂಳು ಏಳದಿರಲಿ ಎಂದು ಕೊರೆಯುತ್ತಿರುವ ಬಿಟ್‌ಗೆ ನೀರು ಹನಿಸುವವರೂ ಇದ್ದಾರೆ. ಆ ನೀರು ಯಂತ್ರದ ಗಾಳಿಕಂಡಿಯಿಂದ ಮೋಟಾರಿಗೆ ಇಳಿಯುತ್ತದೆ.

ಸ್ವಿಚ್ಚನ್ನು ಒತ್ತಿದಂತೆಯೇ ನಿಲ್ಲಿಸುವ ಲಾಕ್ ಗುಂಡಿಯನ್ನು ಕೈಯಲ್ಲಿ ಹಿಡಿದು ಕೊರೆಯುವಾಗ ಬಳಸಬಾರದು. ಲಾಕ್ ಹಾಕಿದ ಸ್ಥಿತಿಯಲ್ಲಿ ಕರೆಂಟು ಹೋಗಿ, ನೀವು ಯಂತ್ರವನ್ನು ನೆಲಕ್ಕಿಟ್ಟು ಚಹಾ ಕುಡಿಯಲು ಹೋದಿರೆಂದರೆ, ಕರೆಂಟು ಮರಳಿದ ಕೂಡಲೇ ಅದು ತಾನಾಗಿಯೇ ಎದ್ದು ಕುಣಿಯುತ್ತದೆ. ಕರೆಂಟು ಹೋದೊಡನೆ ಪ್ಲಗ್ ಕೀಳುವುದನ್ನು ರೂಢಿ ಮಾಡಿಕೊಳ್ಳಿರಿ.

ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟದೆ ಮೊದಲು ಮೇನ್ ಮತ್ತು ಇನ್ವರ್ಟರ್ ಎರಡನ್ನೂ ಆರಿಸಿ 108ಕ್ಕೆ ಕರೆ ಮಾಡಬೇಕು. ಎದ್ದು ಕುಳಿತು ಚೆನ್ನಾಗಿದ್ದೇನೆ ಎಂದರೂ ಅವರನ್ನು ವೈದ್ಯರಿಗೆ ತೋರಿಸಬೇಕು, ಏಕೆಂದರೆ ಶಾಕ್ ತಗುಲಿದ ನಂತರವೂ ಹೃದಯದ ಬಡಿತ ಏರುಪೇರಾಗಬಹುದು.

ಉಡುಪು ಮತ್ತು ಧೂಳು

ಹೆಗಲ ಮೇಲಿನ ಟವೆಲ್, ಲುಂಗಿ, ಸಡಿಲ ತೋಳು, ಇಳಿಬಿದ್ದ ಸೆರಗು ಅಥವಾ ವೇಲು, ಕೈಗೆ ಕಟ್ಟಿದ ದಾರ, ಕಟ್ಟದ ಕೂದಲು ಇವೆಲ್ಲವೂ ತಿರುಗುವ ಬಿಟ್‌ಗೆ ಸುತ್ತಿಕೊಳ್ಳುವಂಥವು. ಕೈಗವಸು ಹಾಕುವುದಾದರೆ ಬೆರಳಿಗೆ ಬಿಗಿಯಾಗಿ ಕೂಡುವ ಚರ್ಮದ್ದಿರಲಿ; ನೂಲಿನ ಸಡಿಲ ಕೈಗವಸು ಬರಿಗೈಗಿಂತ ಕೆಟ್ಟದ್ದು. ಕಾಲಿಗೆ ಬೂಟು, ಕಣ್ಣಿಗೆ ಪಕ್ಕಗಳೂ ಮುಚ್ಚುವ ಕನ್ನಡಕ. ಓದುವ ಕನ್ನಡಕ ಇದಕ್ಕೆ ಸಾಲದು. ಇಂತಹ ಯಂತ್ರದ ಸದ್ದು 90 ಡೆಸಿಬಲ್ಲಿನ ಆಸುಪಾಸು ಇರುತ್ತದೆ; ಮುಚ್ಚಿದ ಕೋಣೆಯಲ್ಲಿ, ಸ್ನಾನದ ಮನೆಯಲ್ಲಿ ಅದು ಇನ್ನೂ ಹೆಚ್ಚು. ಕಿವಿಗೆ ಇಯರ್ ಪ್ಲಗ್ ಹಾಕಿಕೊಳ್ಳಬೇಕು, ಪಕ್ಕದಲ್ಲಿ ನಿಂತು ಏಣಿ ಹಿಡಿದವರಿಗೂ ಒಂದು ಜೊತೆ ಕೊಡಬೇಕು.

ಧೂಳಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕಾಂಕ್ರೀಟು, ಇಟ್ಟಿಗೆ, ಗ್ರಾನೈಟು ಮತ್ತು ಮರಳುಗಲ್ಲಿನಲ್ಲಿ ಕ್ವಾರ್ಟ್ಜ್ ಅಂದರೆ ಹರಳುರೂಪದ ಸಿಲಿಕಾ ಇದೆ. ಬಾದಾಮಿಯ ಮರಳುಗಲ್ಲು ಬಹುಪಾಲು ಅದರಿಂದಲೇ ಆದದ್ದು. ವಿಜಯಪುರದ ಕರಿಕಲ್ಲಿನಲ್ಲಿ ಅದು ಬಹಳ ಕಡಿಮೆ. ಕೊರೆಯುವಾಗ ಕಣ್ಣಿಗೆ ಕಾಣುವ ಧೂಳು ನೆಲಕ್ಕೆ ಬೀಳುತ್ತದೆ, ಮೂಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತ ಶ್ವಾಸಕೋಶದ ತುದಿಯವರೆಗೆ ಇಳಿದು ಅಲ್ಲಿ ಗಾಯದ ಕಲೆಗಳನ್ನು ಉಳಿಸುತ್ತವೆ. ಸಿಲಿಕೋಸಿಸ್ ಎಂಬ ಈ ಕಾಯಿಲೆಗೆ ಗುಣಪಡಿಸುವ ಔಷಧಿ ಇಲ್ಲ, ಅದು ಬಂದವರಿಗೆ ಕ್ಷಯರೋಗ ಅಂಟುವ ಸಾಧ್ಯತೆಯೂ ಹೆಚ್ಚು. ಕಾನೂನಿನ ಪ್ರಕಾರ ಇದು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದೆ. ಮನೆಯಲ್ಲಿ ನಾಲ್ಕು ತೂತು ಕೊರೆಯುವವರಿಗೆ ಈ ಕಾಯಿಲೆ ಬರುತ್ತದೆಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ದಿನವೂ ಇದೇ ಕೆಲಸ ಮಾಡುವ ಪ್ಲಂಬರ್, ಎಲೆಕ್ಟ್ರಿಷಿಯನ್, ಗೌಂಡಿಗಳು ಮುಖಕ್ಕೆ ಟವೆಲ್ ಸುತ್ತಿಕೊಂಡು ವರ್ಷಗಟ್ಟಲೆ ಈ ಧೂಳನ್ನು ಉಸಿರಾಡುವುದನ್ನು ನೋಡಿದಾಗ ಬಹಳ ಸಂಕಟವಾಗುತ್ತದೆ. ಟವೆಲ್ಲಿನ ನೇಯ್ಗೆಯ ಕಂಡಿ ಆ ಕಣಗಳಿಗೆ ಹೆಬ್ಬಾಗಿಲು. ಎನ್95 ಅಥವಾ ಎಫ್‌ಎಫ್‌ಪಿ2 ಗುರುತಿನ ಮಾಸ್ಕನ್ನು ಎರಡೂ ಪಟ್ಟಿ ಕಟ್ಟಿ, ಮೂಗಿನ ಮೇಲಿನ ತಂತಿಯನ್ನು ಅದುಮಿ, ಅಂಚಿನಲ್ಲಿ ಗಾಳಿ ಸೋರದಂತೆ ಹಾಕಬೇಕು. ದಟ್ಟ ಗಡ್ಡದ ಮೇಲೆ ಅದು ಕೂಡುವುದಿಲ್ಲ.

ಕಿಟಕಿ ಬಾಗಿಲು ತೆರೆದಿಡಿ, ಫ್ಯಾನ್ ಆರಿಸಿರಿ. ತೂತಿನ ಪಕ್ಕದಲ್ಲಿಯೇ ಒಬ್ಬರು ವ್ಯಾಕ್ಯೂಮ್ ಕ್ಲೀನರಿನ ಬಾಯಿ ಹಿಡಿದರೆ ಬಹಳ ಧೂಳು ಅಲ್ಲಿಯೇ ಹಿಡಿಯಲ್ಪಡುತ್ತದೆ, ಆದರೆ ಅತಿ ಸಣ್ಣ ಕಣಗಳನ್ನೂ ತಡೆಯುವ ಹೆಪಾ ಫಿಲ್ಟರ್ ಇಲ್ಲದ ಕ್ಲೀನರ್ ಸಣ್ಣ ಕಣಗಳನ್ನು ಹಿಂದಿನಿಂದ ಮತ್ತೆ ಕೋಣೆಗೇ ಬಿಡುತ್ತದೆ. ಕೆಲಸವಾದ ಮೇಲೆ ಕಸಬರಿಗೆಯಿಂದ ಒಣಗಸ ಹೊಡೆಯದೆ, ಪ್ಲಗ್ ಕಿತ್ತು ಯಂತ್ರವನ್ನು ದೂರವಿಟ್ಟು, ಒದ್ದೆ ಬಟ್ಟೆಯಿಂದ ಒರೆಸಬೇಕು. ತೂತಿಗೆ ಪ್ಲಾಸ್ಟಿಕ್ ಪ್ಲಗ್ ಹಾಕುವ ಮುನ್ನ ಅದರೊಳಗಿನ ಪುಡಿಯನ್ನು ಬಾಯಿಂದ ಊದಿ ತೆಗೆಯುವ ಅಭ್ಯಾಸ ಎಲ್ಲೆಡೆ ಇದೆ. ಅದು ನೇರ ಕಣ್ಣಿಗೆ ಮತ್ತು ಮೂಗಿಗೆ ಮರಳುತ್ತದೆ. ಸಣ್ಣ ಬ್ರಷ್ ಮತ್ತು ರಬ್ಬರಿನ ಊದುಗೊಳವೆ ಇಟ್ಟುಕೊಳ್ಳಿರಿ. ಕಣ್ಣಿಗೆ ಧೂಳು ಬಿದ್ದರೆ ಉಜ್ಜದೆ ಶುದ್ಧ ನೀರಿನಿಂದ ತೊಳೆಯಬೇಕು, ಚೂರು ಚುಚ್ಚಿಕೊಂಡಿದ್ದರೆ ಕೀಳಲು ಹೋಗದೆ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಕೊರೆಯುವ ಕ್ರಮ

ಪೆನ್ಸಿಲ್ಲಿನಿಂದ ಅಡ್ಡ ಉದ್ದ ಗೆರೆ ಎಳೆದು ಗುರುತು ಮಾಡಿ, ಚೂಪು ಮೊಳೆಯಿಂದ ಅಲ್ಲೊಂದು ಸಣ್ಣ ಗುಳಿ ಮಾಡಿಕೊಳ್ಳಿರಿ. 8 ಮಿ.ಮೀ. ಪ್ಲಗ್ಗಿಗೆ 8 ಮಿ.ಮೀ. ಬಿಟ್, 6ಕ್ಕೆ 6. ಆಂಕರ್ ಬೋಲ್ಟಿನಲ್ಲಿ ಬೋಲ್ಟಿನ ಅಳತೆಯೂ ತೂತಿನ ಅಳತೆಯೂ ಬೇರೆಯಾಗಿರಬಹುದಾದ್ದರಿಂದ ಅದರ ಡಬ್ಬಿಯ ಮೇಲೆ ಬರೆದುದನ್ನೇ ಅನುಸರಿಸಿರಿ. ಬಿಟ್ ಹೆಚ್ಚು ಆಳಕ್ಕೆ ಇಳಿಯದಂತೆ ತಡೆಯುವ ಆಳದ ಕಡ್ಡಿಯನ್ನು ಪ್ಲಗ್ಗಿನ ಉದ್ದಕ್ಕಿಂತ 10 ಮಿ.ಮೀ. ಹೆಚ್ಚಿಗೆ ಹೊಂದಿಸಿದರೆ ತಳದಲ್ಲಿ ಉಳಿಯುವ ಪುಡಿಗೆ ಜಾಗವಾಗುತ್ತದೆ. ಆಚೆ ಬದಿಯಲ್ಲಿ ಯಾರಿದ್ದಾರೆ, ಏನಿದೆ ಎಂಬುದನ್ನು ನೋಡಿ ಬರಬೇಕು. ನಾಲ್ಕು ಅಂಗುಲದ ಗೋಡೆಯ ಇನ್ನೊಂದು ಮುಖ ಬಡಿತಕ್ಕೆ ಚಕ್ಕೆಯೆದ್ದು ಹಾರುತ್ತದೆ. ಆರಪಾರ ಕೊರೆಯುವುದಿದ್ದರೆ ಕೊನೆಯ ಅಂಗುಲದಲ್ಲಿ ಬಡಿತ ನಿಲ್ಲಿಸಿ ಬರೀ ತಿರುಗಿಸಿ ಹೊರತೆಗೆಯಬೇಕು.

ಒಂದು ಪಾದ ಮುಂದೆ, ಒಂದು ಹಿಂದೆ ಇಟ್ಟು ನಿಲ್ಲಿರಿ. ಬಲಗೈ ಹಿಂದಿನ ಹಿಡಿಕೆಯಲ್ಲಿ, ಎಡಗೈ ಪಕ್ಕದ ಹಿಡಿಕೆಯಲ್ಲಿ. ಕೇಬಲ್ಲು ಹೆಗಲ ಹಿಂದೆ ಹೋಗಲಿ. ಬಿಟ್‌ನ ತುದಿಯನ್ನು ಗುಳಿಯಲ್ಲಿಟ್ಟು, ಗೋಡೆಗೆ ಲಂಬವಾಗಿದೆಯೇ ಎಂದು ಪಕ್ಕದಲ್ಲಿರುವವರಿಂದ ನೋಡಿಸಿ, ಸ್ವಿಚ್ಚನ್ನು ಸ್ವಲ್ಪವೇ ಒತ್ತಿ ನಿಧಾನ ವೇಗದಲ್ಲಿ ಆರಂಭಿಸಿರಿ. ಅರ್ಧ ಅಂಗುಲ ಇಳಿದು ಬಿಟ್ ತನ್ನ ದಾರಿ ಹಿಡಿದ ಮೇಲೆ ವೇಗ ಏರಿಸಬಹುದು. ಯಂತ್ರ ಗೋಡೆಯಿಂದ ಹಿಂದಕ್ಕೆ ಪುಟಿಯದಷ್ಟು ಒತ್ತಡ ಸಾಕು. ಆಗಾಗ ಬಿಟ್ಟನ್ನು ತಿರುಗುತ್ತಿರುವಂತೆಯೇ ಅರ್ಧ ಹೊರಗೆಳೆದು ಪುಡಿ ಹೊರಬೀಳಲು ಬಿಡಿರಿ. ಕರಿಕಲ್ಲಿನಂತಹ ಗಟ್ಟಿ ಕಲ್ಲಿನಲ್ಲಿ ಈ ವಿರಾಮ ಇನ್ನೂ ಹೆಚ್ಚು ಬೇಕು, ಇಲ್ಲದಿದ್ದರೆ ಬಿಟ್‌ನ ತುದಿಗೆ ಬೆಸೆದ ಗಡಸು ಕಾರ್ಬೈಡ್ ತುಣುಕು ಕಾದು ಕಳಚುತ್ತದೆ. ಕೊರೆದ ಬಿಟ್ ಸುಡುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿರಿ.

ಸದ್ದನ್ನು ಕೇಳುತ್ತಿರಬೇಕು. ಕಾಂಕ್ರೀಟಿನಲ್ಲಿ ಇಳಿಯುತ್ತಿದ್ದ ಬಿಟ್ ಒಮ್ಮೆಲೇ ನಿಂತು, ಸದ್ದು ಲೋಹದಂತೆ ಗಣಗಣಿಸಿ, ಪುಡಿ ಬರುವುದು ನಿಂತರೆ ಒಳಗಿನ ಕಬ್ಬಿಣದ ಸರಳು ಸಿಕ್ಕಿದೆ ಎಂದರ್ಥ. ಅಲ್ಲಿಗೆ ನಿಲ್ಲಿಸಿ, ತೂತಿನ ಜಾಗವನ್ನು ಬದಲಿಸಿರಿ. ಹಟ ಹಿಡಿದರೆ ಬಿಟ್ ಹಾಳಾಗುತ್ತದೆ ಅಥವಾ ಸಿಕ್ಕಿಕೊಳ್ಳುತ್ತದೆ. ಹಟ ಗೆದ್ದರೆ ಕಟ್ಟಡದ ಭಾರ ಹೊರುವ ಸರಳು ತುಂಡಾಗುತ್ತದೆ, ಅದು ಇನ್ನೂ ಕೆಟ್ಟದ್ದು. ಕಾಲಮ್ ಮತ್ತು ಬೀಮುಗಳಲ್ಲಿ ದಪ್ಪ ಆಂಕರ್ ಹಾಕಬೇಕಾದರೆ ಎಂಜಿನಿಯರನ್ನು ಕೇಳದೆ ಕೊರೆಯಬಾರದು.

ಬಿಟ್ ಸಿಕ್ಕಿಕೊಂಡಾಗ

ಬಿಟ್ ಸರಳಿಗೋ ಕಲ್ಲಿನ ಸಂದಿಗೋ ಸಿಕ್ಕಿ ನಿಂತಿತೆಂದರೆ ಮೋಟಾರು ನಿಲ್ಲುವುದಿಲ್ಲ. ಬಿಟ್ ತಿರುಗಲಾರದ್ದರಿಂದ ಯಂತ್ರದ ಮೈಯೇ ವಿರುದ್ಧ ದಿಕ್ಕಿಗೆ ತಿರುಗುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ, ನಿಮ್ಮ ಮಣಿಕಟ್ಟಿನೊಂದಿಗೆ. ಒಂದೇ ಕೈಯಲ್ಲಿ ಹಿಡಿದವರ ಮಣಿಕಟ್ಟು ಉಳುಕುವುದು, ಮೂಳೆ ಮುರಿಯುವುದು, ಯಂತ್ರ ಮುಖಕ್ಕೆ ಬಡಿಯುವುದು ಇದರಿಂದಲೇ. ಪಕ್ಕದ ಹಿಡಿಕೆ ಇಲ್ಲದ ಯಂತ್ರ ತರಬೇಡಿರೆಂದು ಮೊದಲೇ ಹೇಳಿದ್ದು ಈ ಕ್ಷಣಕ್ಕಾಗಿ: ಮೈಯಿಂದ ಹೊರಕ್ಕೆ ಚಾಚಿದ ಆ ಹಿಡಿಕೆ ಎಡಗೈಗೆ ತಿರುಚುವ ಬಲವನ್ನು ತಡೆಯುವಷ್ಟು ಹತೋಟಿ ಕೊಡುತ್ತದೆ. ಒಳ್ಳೆಯ ಯಂತ್ರಗಳಲ್ಲಿ ಒಳಗೊಂದು ಕ್ಲಚ್ ಇದ್ದು, ಬಿಟ್ ಸಿಕ್ಕೊಡನೆ ಅದು ಜಾರಿ ಕಟಕಟ ಸದ್ದು ಮಾಡುತ್ತದೆ. ಸವೆದ ಅಥವಾ ಯಾರೋ ಬಿಗಿದಿಟ್ಟ ಕ್ಲಚ್ ಜಾರದೆಯೂ ಇರಬಹುದಾದ್ದರಿಂದ ಅದನ್ನು ನಂಬಿ ಹಿಡಿತ ಸಡಿಲಿಸಬಾರದು.

ಆ ಸದ್ದು ಕೇಳಿದರೆ ಅಥವಾ ಯಂತ್ರ ತಿರುಚಿದಂತಾದರೆ ಮಾಡಬೇಕಾದ ಮೊದಲ ಕೆಲಸ ಸ್ವಿಚ್ಚಿನಿಂದ ಬೆರಳು ತೆಗೆಯುವುದು. ಮೈ ಬಿಗಿದು ಯಂತ್ರದೊಂದಿಗೆ ಸೆಣಸುವಾಗ ಬೆರಳು ಇನ್ನಷ್ಟು ಬಿಗಿಯಾಗಿ ಸ್ವಿಚ್ ಒತ್ತುತ್ತದೆ. ಹೊಸಬರು ಯಂತ್ರವನ್ನು ಗೋಡೆಗೆ ತಾಗಿಸದೆ, ಗಾಳಿಯಲ್ಲಿ ಹಿಡಿದು ಒತ್ತಿ ಬಿಡುವುದನ್ನು ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು. ನಂತರ ಪ್ಲಗ್ ಕಿತ್ತು ಕಾರಣವನ್ನು ನೋಡಿರಿ. ಯಂತ್ರಕ್ಕೆ ಹಿಮ್ಮುಖ ಗುಂಡಿ ಇದ್ದರೆ ಬಡಿತ ನಿಲ್ಲಿಸಿ, ಬರೀ ತಿರುಗುವ ಗುರುತಿಗೆ ತಂದು, ಅತಿ ನಿಧಾನವಾಗಿ ಹಿಮ್ಮುಖ ತಿರುಗಿಸಿ ಬಿಡಿಸಬಹುದು. ಅದೂ ಆಗದಿದ್ದರೆ ಬಿಟ್ಟನ್ನು ಗೋಡೆಯಲ್ಲಿಯೇ ಬಿಟ್ಟು ಕಾಲರ್ ಹಿಂದಕ್ಕೆಳೆದು ಯಂತ್ರವನ್ನು ಬೇರೆ ಮಾಡಿ, ಪಕ್ಕದಲ್ಲಿ ಇನ್ನೊಂದು ಬಿಟ್‌ನಿಂದ ಕೊರೆದು ಸಡಿಲಿಸಿರಿ. ಯಂತ್ರವನ್ನೇ ಸನಿಕೆಯಂತೆ ಮೇಲೆ ಕೆಳಗೆ ಅಲ್ಲಾಡಿಸಿದರೆ ಗಟ್ಟಿ ಉಕ್ಕಿನ ಬಿಟ್ ತುಂಡಾಗಿ ಹಾರುತ್ತದೆ.

ಏಣಿಯ ಮೇಲೆ ಈ ತಿರುಚುವಿಕೆ ಪ್ರಾಣಕ್ಕೇ ಎರವಾಗಬಲ್ಲದು, ಏಕೆಂದರೆ ಅಲ್ಲಿ ನಿಮ್ಮ ಎರಡೂ ಕೈ ಯಂತ್ರದಲ್ಲಿರುತ್ತವೆ, ಯಾವುದೂ ಏಣಿಯಲ್ಲಿಲ್ಲ. ಗೋಡೆಗೆ ಒರಗಿಸುವ ಏಣಿಯ ಮೇಲೆ ನಿಂತು ಕೊರೆಯಬೇಡಿರಿ. ನಾಲ್ಕು ಕಾಲಿನ ಗಟ್ಟಿ ಸ್ಟೂಲು ಅಥವಾ ಹಲಗೆ ಹಾಸಿದ ಅಟ್ಟಣಿಗೆ ಇರಲಿ, ಅದರ ತುದಿಯ ಮೆಟ್ಟಿಲನ್ನು ಏರದೆಯೇ ಎದೆಯ ಮಟ್ಟಕ್ಕೆ ಕೆಲಸ ಸಿಗಲಿ, ಒಬ್ಬರು ಕೆಳಗೆ ಹಿಡಿದಿರಲಿ. ಸ್ಲ್ಯಾಬಿಗೆ ಕೊರೆಯುವಾಗ ಬಿಟ್‌ಗೆ ರಬ್ಬರಿನ ಧೂಳುಬಟ್ಟಲು ತೊಡಿಸಿದರೆ ಪುಡಿ ಕಣ್ಣಿಗೂ ಯಂತ್ರದ ಚಕ್‌ಗೂ ಬೀಳುವುದಿಲ್ಲ. ಫ್ಯಾನಿನ ಪಾಯಿಂಟಿನ ಸುತ್ತ ಸ್ಲ್ಯಾಬಿನೊಳಗೆ ವೈರಿಂಗ್ ಪೈಪುಗಳು ಯಾವ ದಿಕ್ಕಿಗೂ ಹಾದುಹೋಗಿರಬಹುದಾದ್ದರಿಂದ ಅಲ್ಲಿ ಆಳದ ಕಡ್ಡಿಯನ್ನು ಹೊಂದಿಸದೆ ಕೊರೆಯಲೇಬಾರದು.

ದಿನವಿಡೀ ಕೊರೆಯುವವರಿಗೆ ಒಂದು ಮಾತು. ಈ ಯಂತ್ರದ ನಡುಕ ಬೆರಳುಗಳ ಸೂಕ್ಷ್ಮ ರಕ್ತನಾಳ ಮತ್ತು ನರಗಳನ್ನು ಕೆಡಿಸುತ್ತದೆ. ಜುಮುಗುಡುವುದು, ತಣ್ಣಗಿನ ಬೆಳಗ್ಗೆ ಬೆರಳ ತುದಿ ಬೆಳ್ಳಗಾಗುವುದು ಅದರ ಮೊದಲ ಲಕ್ಷಣ. ಯಂತ್ರದ ಕೈಪಿಡಿಯಲ್ಲಿ ನಡುಕದ ಪ್ರಮಾಣ ಬರೆದಿರುತ್ತದೆ. ಅದು ಪ್ರತಿ ಸೆಕೆಂಡಿನ ವರ್ಗಕ್ಕೆ 15 ಮೀಟರ್ ಇದ್ದರೆ, ಐರೋಪ್ಯ ಒಕ್ಕೂಟದ ನಿಯಮದ ಲೆಕ್ಕದಲ್ಲಿ ದಿನಕ್ಕೆ ಸುಮಾರು 13 ನಿಮಿಷ ಕೊರೆದರೆ ಎಚ್ಚರಿಕೆಯ ಮಟ್ಟ, ಸುಮಾರು 53 ನಿಮಿಷಕ್ಕೆ ಗರಿಷ್ಠ ಮಿತಿ. ಇದು ಸ್ವಿಚ್ ಒತ್ತಿದ ಹೊತ್ತಿನ ಲೆಕ್ಕವೇ ಹೊರತು ಇಡೀ ಕೆಲಸದ ಹೊತ್ತಿನದಲ್ಲ. ಜೊತೆಗಾರರು ಸರದಿಯಲ್ಲಿ ಕೊರೆಯುವುದು, ಮೊಂಡಾದ ಬಿಟ್ ಬದಲಿಸುವುದು, ಹಿಡಿಕೆಯನ್ನು ಅಗತ್ಯಕ್ಕಿಂತ ಬಿಗಿಹಿಡಿಯದಿರುವುದು ಇದಕ್ಕೆ ಪರಿಹಾರ.

ಕೆಲಸ ಮುಗಿದ ಮೇಲೆ

ಪ್ಲಗ್ ಕಿತ್ತು, ಬಿಟ್ ತಣ್ಣಗಾದ ಮೇಲೆ ಹೊರತೆಗೆದು, ಚಕ್‌ನ ಬಾಯಿಯನ್ನು ಒರೆಸಿ, ಗಾಳಿಕಂಡಿಗಳ ಧೂಳನ್ನು ಒಣ ಬ್ರಷ್‌ನಿಂದ ತೆಗೆಯಬೇಕು. ಕೇಬಲ್ಲನ್ನು ಯಂತ್ರದ ಮೈಗೆ ಬಿಗಿಯಾಗಿ ಸುತ್ತಿಟ್ಟರೆ ಅದು ಸೇರುವ ಜಾಗದಲ್ಲಿಯೇ ಸೀಳುತ್ತದೆ, ಸಡಿಲ ಸುರುಳಿ ಮಾಡಿರಿ. ಗಾಳಿಕಂಡಿಯೊಳಗೆ ಎಂದಿಗಿಂತ ಹೆಚ್ಚು ಕಿಡಿ ಕಂಡರೆ, ಯಂತ್ರ ನಡುನಡುವೆ ನಿಂತು ನಡೆದರೆ ಮೋಟಾರಿಗೆ ಕರೆಂಟು ಮುಟ್ಟಿಸುವ ಜೋಡಿ ಕಾರ್ಬನ್ ಬ್ರಷ್ ಸವೆದಿರುತ್ತದೆ. ಎರಡನ್ನೂ ಒಟ್ಟಿಗೆ, ಅದೇ ಅಳತೆಯವುಗಳಿಂದ ಬದಲಿಸಬೇಕು. ತಿರುಗುತ್ತಿದ್ದರೂ ಬಡಿತ ಕುಂದಿದ್ದರೆ ಒಳಗಿನ ಪಿಸ್ಟನ್ನಿನ ರಬ್ಬರ್ ಉಂಗುರ ಸವೆದಿರಬಹುದು, ಅದು ರಿಪೇರಿ ಅಂಗಡಿಯವರ ಕೆಲಸ. ಬಾಡಿಗೆಯ ಯಂತ್ರದಲ್ಲಿ ಇಂತಹ ದೋಷ ಕಂಡರೆ ಮರಳಿಸುವಾಗ ಅಂಗಡಿಯವರಿಗೆ ತಪ್ಪದೆ ಹೇಳಿರಿ, ನಾಳೆ ಅದನ್ನು ಬೇರೊಬ್ಬರು ಒಯ್ಯುತ್ತಾರೆ.